ಹೊತ್ತೊಯ್ಯಬಹುದಾದ ಬೆಟ್ಟ: ಮಾರ್ಟಿರೋಸ್ ಸರ್ಯಾನ್ ಬಿಡಿಸಿದ ಅರ್ಮೇನಿಯಾ

ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿದರೆ, ಆಕಾಶ ತಿಳಿಯಾಗಿದ್ದ ದಿನ, ಹಿಮ ಹೊದ್ದ ಎರಡು ಶಿಖರಗಳು ಕಾಣುತ್ತವೆ. ಎಡಕ್ಕೆ ಚಿಕ್ಕದು, ಬಲಕ್ಕೆ ದೊಡ್ಡದು. ದೊಡ್ಡದರ ಎತ್ತರ 5,137 ಮೀಟರ್. ಅದೇ ಅರಾರಾತ್. ಅಲ್ಲಿಯ ಜನ ದೊಡ್ಡದನ್ನು ಮಾಸಿಸ್ ಎಂದೂ ಚಿಕ್ಕದನ್ನು ಸಿಸ್ ಎಂದೂ ಕರೆಯುತ್ತಾರೆ. ಬ್ರಾಂಡಿ ಬಾಟಲಿಗೂ ಅರಾರಾತ್ ಹೆಸರು, ಫುಟ್‌ಬಾಲ್ ತಂಡಕ್ಕೂ ಅದೇ ಹೆಸರು. ಆದರೆ ಬೆಟ್ಟ ಇರುವುದು ಟರ್ಕಿಯಲ್ಲಿ. 1921ರಲ್ಲಿ ನಡೆದ ಮಾಸ್ಕೋ ಮತ್ತು ಕಾರ್ಸ್ ಒಪ್ಪಂದಗಳಲ್ಲಿ ಗಡಿಗೆರೆ ಅರಾಕ್ಸ್ ನದಿಗುಂಟ ಬಿತ್ತು, ಬೆಟ್ಟ ಆಚೆ ದಡಕ್ಕೆ ಸೇರಿತು. ಆ ಗಡಿ 1993ರಿಂದ ಮುಚ್ಚಿದೆ. ಯೆರೆವಾನ್‌ನ ಮಕ್ಕಳು ಶಾಲೆಗೆ ಹೋಗುವಾಗಲೆಲ್ಲ ನೋಡುವ ಬೆಟ್ಟದ ಬುಡ ಮುಟ್ಟಬೇಕೆಂದರೆ ಮೂರನೆಯ ದೇಶವೊಂದನ್ನು ಸುತ್ತಿ ಹೋಗಬೇಕು.

ಒಪ್ಪಂದಕ್ಕೆ ಸಹಿ ಬಿದ್ದ ಮರುವರ್ಷ, 1922ರಲ್ಲಿ, ಸೋವಿಯತ್ ಅರ್ಮೇನಿಯಾ ತನ್ನ ರಾಜ್ಯಲಾಂಛನವನ್ನು ಒಪ್ಪಿಕೊಂಡಿತು. ಮೇಲೆ ಸುತ್ತಿಗೆ ಮತ್ತು ಕುಡುಗೋಲು, ಕೆಳಗೆ ದ್ರಾಕ್ಷಿ ಗೊಂಚಲು ಮತ್ತು ಗೋಧಿ ತೆನೆ, ನಡುವೆ ಆಗಷ್ಟೇ ಕೈತಪ್ಪಿಹೋದ ಅದೇ ಎರಡು ಶಿಖರಗಳು. ಇದನ್ನು ರೂಪಿಸಿದವರು ಮಾರ್ಟಿರೋಸ್ ಸರ್ಯಾನ್ ಎಂಬ ಚಿತ್ರಕಾರರು. ಅದಕ್ಕೊಂದು ಕಥೆಯೂ ಅಂಟಿಕೊಂಡಿದೆ. ನಿಮ್ಮ ದೇಶದಲ್ಲಿಲ್ಲದ ಬೆಟ್ಟ ನಿಮ್ಮ ಲಾಂಛನದಲ್ಲಿ ಹೇಗೆ ಬಂತು ಎಂದು ಟರ್ಕಿ ಕೇಳಿತಂತೆ. ನಿಮ್ಮ ಬಾವುಟದಲ್ಲಿ ಚಂದ್ರನಿದ್ದಾನಲ್ಲ, ಚಂದ್ರ ನಿಮ್ಮವನೇ ಎಂದು ಸೋವಿಯತ್ ವಿದೇಶಾಂಗ ಮಂತ್ರಿ ಚಿಚೆರಿನ್ ತಿರುಗಿ ಕೇಳಿದರಂತೆ. ಬಾಯಿಂದ ಬಾಯಿಗೆ ದಾಟಿಬಂದ ಮಾತು ಇದು. ನಡೆದದ್ದೋ ಕಟ್ಟಿದ್ದೋ, ಅರ್ಮೇನಿಯನ್ನರು ಇದನ್ನು ಹೇಳುವುದನ್ನು ಬಿಟ್ಟಿಲ್ಲ.

ಸರ್ಯಾನ್ 1972ರವರೆಗೆ, ತೊಂಬತ್ತೆರಡು ವರ್ಷ ಬಾಳಿದರು. ಅವರು ಬಿಡಿಸಿದ್ದರಲ್ಲಿ ಹೆಚ್ಚಿನದು ಬೆಟ್ಟ, ಕಣಿವೆ, ಬಿಸಿಲು ಬಿದ್ದ ಅಂಗಳ, ಉಳುವ ಎತ್ತು, ಹೂವು, ಹಣ್ಣು. ಯುದ್ಧದ ದೃಶ್ಯವಿಲ್ಲ, ರಾಜರಿಲ್ಲ, ಹುತಾತ್ಮರಿಲ್ಲ. ಆದರೂ ಅರ್ಮೇನಿಯನ್ನರು ತಮ್ಮ ದೇಶಕ್ಕೆ ಮುಖ ಕೊಟ್ಟವರು ಇವರೇ ಎನ್ನುತ್ತಾರೆ. ಬರಿಯ ನಿಸರ್ಗಚಿತ್ರ ಒಂದು ಜನಾಂಗದ ಗುರುತಾಗುವುದು ಹೇಗೆ? ಅದನ್ನು ಅರಿಯಲು ಆ ಜನ ಅಷ್ಟು ಕಾಲ ತಮ್ಮ ಗುರುತನ್ನು ಎಲ್ಲಿ ಇಟ್ಟುಕೊಂಡಿದ್ದರು ಎಂಬುದನ್ನು ಮೊದಲು ನೋಡಬೇಕು.

ಇಟ್ಟುಕೊಂಡಿದ್ದದ್ದು ಹೊತ್ತೊಯ್ಯಬಹುದಾದ ವಸ್ತುಗಳಲ್ಲಿ. ಸಂಪ್ರದಾಯದ ಲೆಕ್ಕದಲ್ಲಿ 301ರಲ್ಲಿ ಅವರು ಕ್ರೈಸ್ತ ಧರ್ಮವನ್ನು ರಾಜಧರ್ಮವಾಗಿ ಒಪ್ಪಿಕೊಂಡರು. 405ರ ಸುಮಾರಿಗೆ ಮೆಸ್ರೋಪ್ ಮಾಷ್ಟೋತ್ಸ್ ಎಂಬ ಸನ್ಯಾಸಿ ಅವರ ಭಾಷೆಗೆ ಲಿಪಿ ಕೊಟ್ಟರು. 1375ರಲ್ಲಿ ಅವರ ಕೊನೆಯ ರಾಜ್ಯ ಸಿಲಿಸಿಯಾ ಬಿತ್ತು. ಅಲ್ಲಿಂದ 1918ರವರೆಗೆ ಅರ್ಮೇನಿಯನ್ನರ ನೆಲ ಪರ್ಷಿಯಾ, ಆಟೊಮನ್ ತುರ್ಕರು, ರಷ್ಯಾ ಇವರ ಕೈಯಿಂದ ಕೈಗೆ ಹೋಯಿತು. ಜನ ವ್ಯಾಪಾರಕ್ಕೋ ಪ್ರಾಣಭಯಕ್ಕೋ ಚದುರಿದರು. ಹೋದಲ್ಲೆಲ್ಲ ಲಿಪಿ, ಪ್ರಾರ್ಥನೆ, ಬಣ್ಣಬಣ್ಣದ ಚಿತ್ರವಿರುವ ಹಸ್ತಪ್ರತಿ, ಹಾಡು ಅವರ ಜೊತೆ ಹೋದವು. ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ನಿಯತಕಾಲಿಕ ‘ಅಜ್ದರಾರ್’ ಅಚ್ಚಾದದ್ದು ನಮ್ಮ ನೆರೆಯ ಮದರಾಸಿನಲ್ಲಿ, 1794ರಲ್ಲಿ, ಹರುತ್ಯುನ್ ಷ್ಮಾವೊನ್ಯಾನ್ ಎಂಬ ಪಾದ್ರಿಯ ಕೈಯಲ್ಲಿ. ಚೆನ್ನೈನ ಅರ್ಮೇನಿಯನ್ ಬೀದಿ, ಅಲ್ಲಿನ ಹಳೆಯ ಚರ್ಚು ಇಂದಿಗೂ ಇವೆ. ಪುಸ್ತಕವನ್ನು ಹೀಗೆ ಹಡಗಿಗೆ ಹತ್ತಿಸಬಹುದು. ನೆಲವನ್ನು ಹತ್ತಿಸುವುದು ಹೇಗೆ? ಗುರುತಿನ ಸಾಮಾನುಗಳಲ್ಲಿ ಭೂಮಿಯ ರೂಪ, ಅದರ ಬಣ್ಣ, ಅದರ ಬಿಸಿಲು ಕಟ್ಟಕಡೆಗೆ ಸೇರಿದ್ದಕ್ಕೆ ಇದೇ ಕಾರಣ ಎಂದು ನನಗನ್ನಿಸುತ್ತದೆ. ಸೇರಿಸಿದ ಕೈಗಳಲ್ಲಿ ಸರ್ಯಾನರದ್ದು ಎಲ್ಲಕ್ಕಿಂತ ದೊಡ್ಡದು.

ಸರ್ಯಾನರೂ ಚದುರಿದ ಜನರ ಮಗನೇ. 1778ರಲ್ಲಿ ರಷ್ಯಾದ ರಾಣಿ ಕ್ಯಾಥರೀನ್ ಕ್ರಿಮಿಯಾದ ಅರ್ಮೇನಿಯನ್ನರನ್ನು ಎಬ್ಬಿಸಿ ಡಾನ್ ನದಿಯ ಬಯಲಿಗೆ ಕಳಿಸಿದಳು. ಅಲ್ಲಿ ಅವರು ಕಟ್ಟಿಕೊಂಡ ಊರಿಗೆ ನೋರ್ ನಖಿಚೆವಾನ್, ಅಂದರೆ ಹೊಸ ನಖಿಚೆವಾನ್ ಎಂದು ಹೆಸರಿಟ್ಟರು. ಪೂರ್ವಿಕರ ನಾಡಿನ ಹಳೆಯ ಊರಿನ ಹೆಸರನ್ನೇ ಗಂಟಿನಲ್ಲಿ ಕಟ್ಟಿ ತಂದಂತೆ. ಈಗ ಅದು ರಸ್ತೋವ್ ನಗರದ ಒಂದು ಭಾಗ. 1880ರಲ್ಲಿ ಸರ್ಯಾನ್ ಹುಟ್ಟಿದ್ದು ಅಲ್ಲಿ, ಬೆಳೆದದ್ದು ಹತ್ತಿರದ ಹೊಲಮನೆಯಲ್ಲಿ. ಸುತ್ತ ಹುಲ್ಲುಗಾವಲು, ದನ, ಮೇಲೆ ಅಗಾಧ ಆಕಾಶ. ಬೆಟ್ಟವೆಂಬುದು ಕಣ್ಣಿಗೆ ಬೀಳದ ಸೀಮೆ ಅದು. ಮುಂದೆ ಬೆಟ್ಟಗಳ ಚಿತ್ರಕಾರನಾದ ಮನುಷ್ಯನ ಬಾಲ್ಯದಲ್ಲಿ ಬೆಟ್ಟವೇ ಇರಲಿಲ್ಲ.

1897ರಲ್ಲಿ ಮಾಸ್ಕೋದ ಚಿತ್ರಕಲೆ, ಶಿಲ್ಪ ಮತ್ತು ವಾಸ್ತುಶಾಲೆಗೆ ಸೇರಿದರು. ವಲೆಂಟಿನ್ ಸೆರೋವ್, ಕಾನ್‌ಸ್ಟಾಂಟಿನ್ ಕೊರೋವಿನ್ ಗುರುಗಳು. 1901ರ ರಜೆಯಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ಪೂರ್ವಜರ ನಾಡಿಗೆ ಹೊರಟರು. ಮುಂದಿನ ಎರಡು ಬೇಸಿಗೆಗಳಲ್ಲೂ ಲೋರಿಯ ಕಣಿವೆಗಳು, ಹಘ್‌ಪಾತ್ ಮತ್ತು ಸನಾಹಿನ್ ಮಠಗಳು, ಅರ್ಮೇನಿಯನ್ ಚರ್ಚಿನ ಪೀಠವಾದ ಎಚ್ಮಿಯಾದ್ಜಿನ್, ಯೆರೆವಾನ್, ಸೆವಾನ್ ಸರೋವರ ಹೀಗೆ ಅಲೆದರು. ಮಾಸ್ಕೋದಲ್ಲಿ ಕಲಿತ ಬೂದುಬಣ್ಣದ, ಮೆದುಬೆಳಕಿನ ಚಿತ್ರಕಲೆ ಈ ಬಿಸಿಲಿನ ಮುಂದೆ ಕೈಕೊಟ್ಟಿತು. ಇಲ್ಲಿ ಕಂಡದ್ದನ್ನು ಹಿಡಿಯಲು ಅವರ ಬಳಿ ಭಾಷೆಯೇ ಇರಲಿಲ್ಲ.

ಭಾಷೆ ಸಿಗಲು ಹತ್ತು ವರ್ಷ ಹಿಡಿಯಿತು. ಮೊದಲು ಸಿಕ್ಕಿದ್ದು ಕನಸಿನ ಭಾಷೆ. 1903ರಿಂದ 1908ರವರೆಗೆ ಬಿಡಿಸಿದ ‘ಕಥೆಗಳು ಮತ್ತು ಕನಸುಗಳು’ ಮಾಲಿಕೆಯಲ್ಲಿ ಜಿಂಕೆಗಳು, ಹೆಂಗಸರು, ಮರಗಳು ನೀಲಿ-ಹಸಿರು ಮಬ್ಬಿನಲ್ಲಿ ಕರಗಿಹೋಗುತ್ತವೆ. 1907ರಲ್ಲಿ ಮಾಸ್ಕೋದ ‘ನೀಲಿ ಗುಲಾಬಿ’ ಎಂಬ ಸಾಂಕೇತಿಕ ಚಿತ್ರಕಾರರ ಪ್ರದರ್ಶನದಲ್ಲಿ ಅವರೂ ಭಾಗವಹಿಸಿದರು. ಅದೇ ಹೊತ್ತಿಗೆ ಮಾಸ್ಕೋದ ಶುಕಿನ್, ಮೊರೊಜೋವ್ ಎಂಬ ಸಿರಿವಂತ ವರ್ತಕರು ಗೊಗ್ಯಾನ್, ಮತೀಸ್, ಸೆಜಾನ್ ಮುಂತಾದವರ ಚಿತ್ರಗಳನ್ನು ಪ್ಯಾರಿಸ್ಸಿನಿಂದ ತಂದು ಗೋಡೆ ತುಂಬಿಸುತ್ತಿದ್ದರು. ಮಾಸ್ಕೋದ ಎಳೆಯ ಕಲಾವಿದರು ಆ ಮನೆಗಳಿಗೆ ಹೋಗಿ ನೋಡಿದ್ದು, ಬಣ್ಣವು ವಸ್ತುವಿನ ಚರ್ಮದಂತೆ ಅಂಟಿಕೊಂಡಿರಬೇಕಿಲ್ಲ, ತಾನೇ ಎದ್ದು ನಿಲ್ಲಬಹುದು ಎಂಬುದನ್ನು.

1910ರಲ್ಲಿ ಸರ್ಯಾನ್ ಕಾನ್‌ಸ್ಟಾಂಟಿನೋಪಲ್‌ಗೆ (ಇಂದಿನ ಇಸ್ತಾಂಬುಲ್), 1911ರಲ್ಲಿ ಈಜಿಪ್ಟಿಗೆ, 1913ರಲ್ಲಿ ಪರ್ಷಿಯಾಕ್ಕೆ ಹೋದರು. ಈ ಮೂರು ಪ್ರಯಾಣಗಳಲ್ಲಿ ಮಬ್ಬು ಹರಿದು ಬಿಸಿಲು ಬಂತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬಿಡಿಸಿದ, ‘ಬೀದಿ. ಮಧ್ಯಾಹ್ನ’ ಎಂಬ ಹೆಸರಿನ ಚಿತ್ರವನ್ನೇ ತೆಗೆದುಕೊಳ್ಳಿ. ಇಕ್ಕಟ್ಟಾದ ಓಣಿ. ಎರಡೂ ಕಡೆಯ ಗೋಡೆಗಳು ಹಳದಿ-ಕಿತ್ತಳೆ. ಗೋಡೆಗಳ ನಡುವೆ ಕಡುನೀಲಿ ಪಟ್ಟಿಯಂತೆ ಆಕಾಶ. ಕೆಳಗೆ ನೆಲದ ಮೇಲಿನ ನೆರಳೂ ನೀಲಿಯೇ. ಇಟ್ಟಿಗೆ, ಕಿಟಕಿ, ಬಿರುಕು, ಕಲೆ ಎಂದು ಲೆಕ್ಕವಿಡುವ ಗೋಜಿಲ್ಲ. ಆದರೂ ನೋಡುತ್ತ ನಿಂತರೆ ಹಣೆಯ ಮೇಲೆ ಬೆವರು ಬಂದಂತಾಗುತ್ತದೆ.

ಇದರ ಒಳಗುಟ್ಟು ನೆರಳಿನಲ್ಲಿದೆ. ಸಾಮಾನ್ಯ ಚಿತ್ರಪಾಠದಲ್ಲಿ ನೆರಳೆಂದರೆ ಅದೇ ಬಣ್ಣಕ್ಕೆ ಒಂದಿಷ್ಟು ಕಪ್ಪು ಬೆರೆಸುವುದು. ಹಳದಿ ಗೋಡೆಯ ನೆರಳು ಕೊಳಕು ಹಳದಿ. ನಿಜದ ಬಿಸಿಲಿನಲ್ಲಿ ಹಾಗಾಗುವುದಿಲ್ಲ. ನೆರಳಿರುವ ಜಾಗಕ್ಕೆ ಸೂರ್ಯನ ನೇರ ಬೆಳಕು ಬೀಳದಿದ್ದರೂ ಆಕಾಶದ ನೀಲಿ ಬೆಳಕು ಬೀಳುತ್ತದೆ. ಕಣ್ಣಿಗೂ ಒಂದು ಅಭ್ಯಾಸವಿದೆ: ಕಿತ್ತಳೆಯ ಪಕ್ಕ ಏನಿಟ್ಟರೂ ಅದರೊಳಗೆ ನೀಲಿಯನ್ನು ಹುಡುಕುತ್ತದೆ. ಸರ್ಯಾನ್ ಕಪ್ಪನ್ನು ಬೆರೆಸದೆ ನೆರಳಿಗೆ ನೇರವಾಗಿ ನೀಲಿಯನ್ನೇ ಇಟ್ಟರು. ಎದುರು ಬಣ್ಣಗಳೆರಡು ಅಕ್ಕಪಕ್ಕ ನಿಂತಾಗ ಒಂದು ಇನ್ನೊಂದನ್ನು ಉರಿಸುತ್ತದೆ. ಬೆಳಕನ್ನು ಬಿಡಿಸಬೇಕಾಗಿಯೇ ಇಲ್ಲ, ಬಣ್ಣಗಳ ನಡುವೆ ಅದು ತಾನಾಗಿ ಹುಟ್ಟುತ್ತದೆ. ಆ ವರ್ಷಗಳಲ್ಲಿ ಅವರು ಬಳಸುತ್ತಿದ್ದದ್ದು ಹೆಚ್ಚಾಗಿ ಟೆಂಪರಾ, ಅಂದರೆ ಮೊಟ್ಟೆಯಂಥ ಅಂಟಿನಲ್ಲಿ ಕಲಸಿದ ಬಣ್ಣ. ಎಣ್ಣೆಬಣ್ಣದ ಹೊಳಪು ಅದಕ್ಕಿಲ್ಲ, ಬೇಗ ಒಣಗುತ್ತದೆ, ಸುಣ್ಣ ಬಳಿದ ಗೋಡೆಯಂತೆ ಮಂಕಾಗಿ, ಸಮವಾಗಿ ಕೂರುತ್ತದೆ. ಹಿಂದೆ ಮುಂದೆ ನೋಡದೆ ಒಂದೇ ಸಲಕ್ಕೆ ದೊಡ್ಡ ಬಣ್ಣದ ಹರವುಗಳನ್ನು ಇಡುವವರಿಗೆ ಹೇಳಿ ಮಾಡಿಸಿದ ಮಾಧ್ಯಮ.

ಯುರೋಪಿನ ಎಷ್ಟೋ ಕಲಾವಿದರು ಕೈರೋ, ಕಾನ್‌ಸ್ಟಾಂಟಿನೋಪಲ್ ಸುತ್ತಿ ಪೂರ್ವದೇಶಗಳನ್ನು ಸಂತೆಯ ತಮಾಷೆಯಂತೆ ಬಿಡಿಸಿದವರೇ. ಸರ್ಯಾನ್ ಅವರಲ್ಲೊಬ್ಬರೇ? ರಷ್ಯನ್ ಕವಿ, ವಿಮರ್ಶಕ ಮ್ಯಾಕ್ಸಿಮಿಲಿಯಾನ್ ವೊಲೋಶಿನ್ 1913ರಲ್ಲಿ ‘ಅಪೊಲೊನ್’ ಪತ್ರಿಕೆಯಲ್ಲಿ ಅವರ ಬಗ್ಗೆ ಬರೆದ ಪ್ರಬಂಧ ಇದೇ ಪ್ರಶ್ನೆಯ ಸುತ್ತ ಇದೆ. ಸರ್ಯಾನ್ ಪೂರ್ವವನ್ನು ಹೊರಗಿನಿಂದ ನೋಡುವವರಲ್ಲ, ಅಲ್ಲಿಯವರೇ ಆಗಿ ನೋಡುವವರು ಎಂಬುದು ವೊಲೋಶಿನ್ ವಾದ. ನನಗೆ ಇದು ಅರ್ಧ ಸರಿ ಎನಿಸುತ್ತದೆ. ಡಾನ್ ಬಯಲಿನಲ್ಲಿ ಹುಟ್ಟಿ ಮಾಸ್ಕೋದಲ್ಲಿ ಕಲಿತವರು ಪೂರ್ತಿ ಒಳಗಿನವರೂ ಆಗಿರಲಿಲ್ಲ. ಮನೆಗೆ ಮೊದಲ ಸಲ ಬಂದ ಮನೆಯ ಮಗನ ಸ್ಥಿತಿ ಅದು. ಎಲ್ಲವೂ ತನ್ನದು, ಯಾವುದೂ ರೂಢಿಯದಲ್ಲ. ಅಲ್ಲೇ ಹುಟ್ಟಿ ಬೆಳೆದವರಿಗೆ ಕಾಣದ್ದು ಅವರಿಗೆ ಕಂಡದ್ದು ಇದರಿಂದ. ಅವರು ಅರ್ಮೇನಿಯಾವನ್ನು ಬಿಡಿಸಲು ಕಲಿತದ್ದು ಅರ್ಮೇನಿಯಾದ ಹೊರಗೆ, ಕೈರೋದ ಖರ್ಜೂರದ ಮರದ ಕೆಳಗೆ, ಪರ್ಷಿಯಾದ ಬೀದಿಗಳಲ್ಲಿ, ಮಾಸ್ಕೋದ ಗೋಡೆಗಳ ಮೇಲೆ ನೇತಾಡುತ್ತಿದ್ದ ಫ್ರೆಂಚ್ ಚಿತ್ರಗಳ ಮುಂದೆ.

ಆಮೇಲೆ 1915 ಬಂತು. ಆಟೊಮನ್ ಸಾಮ್ರಾಜ್ಯದಲ್ಲಿ ಅರ್ಮೇನಿಯನ್ನರ ನರಮೇಧ ನಡೆಯಿತು. ಸತ್ತವರ ಸಂಖ್ಯೆ ಹತ್ತು ಲಕ್ಷವನ್ನು ಮೀರುತ್ತದೆ, ಹದಿನೈದು ಲಕ್ಷ ಎಂಬ ಅಂದಾಜೂ ಇದೆ. ಬದುಕುಳಿದವರು ಗಡಿ ದಾಟಿ ರಷ್ಯಾದ ಕೈಯಲ್ಲಿದ್ದ ಪೂರ್ವ ಅರ್ಮೇನಿಯಾಕ್ಕೆ ಹರಿದುಬಂದರು. ಸರ್ಯಾನ್ ಎಚ್ಮಿಯಾದ್ಜಿನ್‌ಗೆ ಹೋಗಿ ನಿರಾಶ್ರಿತರ ನಡುವೆ ಕೆಲಸ ಮಾಡಿದರು. ಹಸಿವಿನಿಂದ, ಕಾಯಿಲೆಯಿಂದ ಜನ ಕಣ್ಣೆದುರೇ ಬೀಳುತ್ತಿದ್ದರು. ಅದು ಅವರ ಮನಸ್ಸಿನ ಸ್ವಾಸ್ಥ್ಯವನ್ನೇ ಕೆಡಿಸಿತು. ಅಲ್ಲಿಂದ ತಿಫ್ಲಿಸ್‌ಗೆ (ಜಾರ್ಜಿಯಾದ ಇಂದಿನ ಟಿಬಿಲಿಸಿ) ಬಂದು ಚೇತರಿಸಿಕೊಂಡ ಮೇಲೆ ಅವರು ಕೈಗೆತ್ತಿಕೊಂಡದ್ದು ಹೂವುಗಳನ್ನು. 1916ರಲ್ಲಿ ಲೇಖಕ ಘಜಾರೋಸ್ ಅಘಾಯಾನ್ ಅವರ ಮಗಳು ಲುಸಿಕ್ ಅವರನ್ನು ಮದುವೆಯಾದರು. ಅದೇ ವರ್ಷ ತಿಫ್ಲಿಸ್‌ನಲ್ಲಿ ಅರ್ಮೇನಿಯನ್ ಕಲಾವಿದರ ಸಂಘ ಕಟ್ಟುವುದರಲ್ಲೂ ಅವರ ಕೈಯಿತ್ತು. ಕಂಡ ಹೆಣಗಳನ್ನು ಅವರು ಚಿತ್ರವಾಗಿಸಲಿಲ್ಲ. ಈ ಮಾತನ್ನು ಇಲ್ಲಿಗೇ ಬಿಡುವಂತಿಲ್ಲ, ಮತ್ತೆ ಇದಕ್ಕೆ ಬರುತ್ತೇನೆ.

1918ರ ಮೇ ತಿಂಗಳಲ್ಲಿ ಹುಟ್ಟಿದ ಸ್ವತಂತ್ರ ಅರ್ಮೇನಿಯಾ ಎರಡೂವರೆ ವರ್ಷ ಬಾಳಿ 1920ರ ಕೊನೆಗೆ ಸೋವಿಯತ್ ಆಯಿತು. 1921ರಲ್ಲಿ ಅಲ್ಲಿನ ಸರ್ಕಾರದ ಮುಖ್ಯಸ್ಥ ಅಲೆಕ್ಸಾಂಡರ್ ಮ್ಯಾಸ್ನಿಕ್ಯಾನ್ ಅವರ ಕರೆಗೆ ಓಗೊಟ್ಟು ಸರ್ಯಾನ್ ಸಂಸಾರ ಸಮೇತ ಯೆರೆವಾನ್‌ಗೆ ಬಂದು ನೆಲೆಸಿದರು. ಮ್ಯಾಸ್ನಿಕ್ಯಾನ್ ಕೂಡ ನೋರ್ ನಖಿಚೆವಾನ್‌ನವರೇ. ಆಗಿನ ಯೆರೆವಾನ್ ಎಂದರೆ ಮಣ್ಣಿನ ಮನೆಗಳ, ಧೂಳಿನ ಬೀದಿಗಳ, ನಿರಾಶ್ರಿತರು ತುಂಬಿದ ಸಣ್ಣ ಊರು. ಹಸಿವು ಇನ್ನೂ ಹೋಗಿರಲಿಲ್ಲ. ದೇಶಕ್ಕೆ ಎಲ್ಲವೂ ಹೊಸದಾಗಿ ಆಗಬೇಕಿತ್ತು. ನಗರಕ್ಕೆ ನಕ್ಷೆ ಹಾಕಲು ವಾಸ್ತುಶಿಲ್ಪಿ ಅಲೆಕ್ಸಾಂಡರ್ ತಮಾನ್ಯಾನ್ ಇದ್ದರು. ವಸ್ತುಸಂಗ್ರಹಾಲಯ ಕಟ್ಟುವುದು, ಲಾಂಛನ ಬಿಡಿಸುವುದು, ರಂಗಮಂದಿರದ ಪರದೆ ಮಾಡುವುದು ಸರ್ಯಾನರ ಪಾಲಿಗೆ ಬಂತು. ಇವುಗಳ ನಡುವೆ, 1923-24ರಲ್ಲಿ, ಅವರ ಅತ್ಯುತ್ತಮ ನಿಸರ್ಗಚಿತ್ರಗಳು ಹುಟ್ಟಿದವು. ‘ಅರ್ಮೇನಿಯಾ’, ‘ಬೆಟ್ಟಗಳು. ಅರ್ಮೇನಿಯಾ’, ‘ಬಿಸಿಲಿನ ನಿಸರ್ಗ’, ‘ಯೆರೆವಾನ್’ ಹೆಸರಿನವು.

ಈ ಚಿತ್ರಗಳಲ್ಲಿ ಹೊಸದೇನಿತ್ತು? ಅರಾರಾತನ್ನು ಬಿಡಿಸಿದವರು ಮೊದಲೂ ಇದ್ದರು. ಕ್ರಿಮಿಯಾದಲ್ಲಿ ಹುಟ್ಟಿದ ಅರ್ಮೇನಿಯನ್, ಕಡಲಿನ ಚಿತ್ರಗಳಿಗೆ ಹೆಸರಾದ ಇವಾನ್ ಐವಾಜೋವ್‌ಸ್ಕಿ 1889ರಲ್ಲಿ, ಜಲಪ್ರಳಯದಲ್ಲಿ ನಾವೆ ಹತ್ತಿ ಉಳಿದ ನೋಹ ಅರಾರಾತಿನಿಂದ ಇಳಿದುಬರುವ ದೃಶ್ಯವನ್ನು ಚಿತ್ರಿಸಿದ್ದರು. ಅಲ್ಲಿ ಬೆಟ್ಟ ಬೈಬಲ್ ಕಥೆಯ ಹಿನ್ನೆಲೆ. ಗೆವೋರ್ಗ್ ಬಾಷಿಂಜಾಘ್ಯಾನ್ ಅದೇ ಬೆಟ್ಟವನ್ನು, ಸೆವಾನ್ ಸರೋವರವನ್ನು ಕಣ್ಣಿಗೆ ಕಂಡ ಹಾಗೆ, ಮಂಜು ಮೋಡಗಳ ನಯದೊಡನೆ, ಅಕ್ಕರೆಯಿಂದ ಬಿಡಿಸಿದರು. ಅವರ ಚಿತ್ರ ಒಂದು ನಿಶ್ಚಿತ ಜಾಗದ, ಒಂದು ನಿಶ್ಚಿತ ಗಳಿಗೆಯ ಚಿತ್ರ. ಇಂಥ ಊರಿನಿಂದ, ಇಂಥ ಬೆಳಗಿನಲ್ಲಿ ನೋಡಿದ್ದು ಎಂದು ಹೇಳಬಹುದು.

ಸರ್ಯಾನರ 1923ರ ಬೆಟ್ಟಗಳ ಮುಂದೆ ನಿಂತು ಹಾಗೆ ಹೇಳಲಾಗದು. ಮೊದಲನೆಯದಾಗಿ, ನೋಡುವವನು ನಿಂತಿರುವ ಜಾಗವೇ ಗೊತ್ತಾಗುವುದಿಲ್ಲ. ಹಕ್ಕಿಯೊಂದು ಕಣಿವೆಯ ಮೇಲೆ ಹಾರುತ್ತ ಕಂಡಂತೆ ಹೊಲ, ಮನೆಯ ಚಪ್ಪಟೆ ಮಾಡು, ದಾರಿ, ಕಮರಿ, ಗುಡ್ಡ, ಹಿಮಶಿಖರ ಎಲ್ಲವೂ ಒಂದರ ಮೇಲೊಂದು ಪೇರಿಸಿಕೊಂಡು ಚೌಕಟ್ಟಿನ ತುದಿಯವರೆಗೆ ಏರುತ್ತವೆ. ಆಕಾಶಕ್ಕೆ ಉಳಿಯುವುದು ಚೂರು ಜಾಗ. ಎರಡನೆಯದು, ದೂರ ಹೋದಂತೆ ವಸ್ತುಗಳು ಮಸುಕಾಗುವುದಿಲ್ಲ. ಯುರೋಪಿನ ಚಿತ್ರಕಾರರು ಲಿಯೊನಾರ್ಡೊ ಕಾಲದಿಂದ ನಂಬಿದ ಸೂತ್ರವೆಂದರೆ, ದೂರದ ಬೆಟ್ಟವನ್ನು ತೆಳುನೀಲಿಯಾಗಿ, ಮಬ್ಬಾಗಿ ಬಿಡಿಸಿದರೆ ಅದು ದೂರ ಕಾಣುತ್ತದೆ. ತೇವದ ಗಾಳಿಯ ನಾಡಿಗೆ ಒಪ್ಪುವ ಸೂತ್ರ ಅದು. ಅರ್ಮೇನಿಯಾ ಒಣಹವೆಯ ಎತ್ತರದ ನಾಡು. ಯೆರೆವಾನ್ ಸುಮಾರು 1,000 ಮೀಟರ್ ಎತ್ತರದಲ್ಲಿದ್ದರೆ ಸೆವಾನ್ ಸರೋವರ 1,900 ಮೀಟರ್ ಎತ್ತರದಲ್ಲಿದೆ. ಅಂಥ ತೆಳುಗಾಳಿಯಲ್ಲಿ ಮೈಲಿಗಟ್ಟಲೆ ದೂರದ ಬಂಡೆಯ ಅಂಚೂ ಚಾಕುವಿನಿಂದ ಕೊಯ್ದಂತೆ ಕಾಣುತ್ತದೆ. ಸರ್ಯಾನ್ ಹತ್ತಿರದ ಹೊಲಕ್ಕೂ ದೂರದ ಶಿಖರಕ್ಕೂ ಒಂದೇ ಬಿರುಸಿನ ಬಣ್ಣ ಕೊಟ್ಟರು. ಹಳದಿ ಮಣ್ಣಿನ ಹಿಂದೆ ಕಿತ್ತಳೆ ಗುಡ್ಡ, ಅದರ ಹಿಂದೆ ನೇರಳೆ, ಅದರ ಹಿಂದೆ ಕಡುನೀಲಿ, ಕೊನೆಗೆ ಹಿಮದ ಬಿಳಿ. ಎಲ್ಲವೂ ಕೈಚಾಚಿದರೆ ಸಿಗುವಷ್ಟು ಹತ್ತಿರ.

ಒಂದು ಮಾತನ್ನು ಸೇರಿಸಬೇಕು. ಬೇಸಿಗೆಯಲ್ಲಿ ಎಷ್ಟೋ ದಿನ ಯೆರೆವಾನ್‌ನಿಂದ ಅರಾರಾತ್ ಕಾಣುವುದೇ ಇಲ್ಲ. ಬಯಲಿನ ಧೂಳು, ಝಳ ಅದನ್ನು ನುಂಗಿಬಿಡುತ್ತದೆ. ಬೆಳಗಿನ ಜಾವ ಅಥವಾ ಚಳಿಗಾಲದಲ್ಲಿ ಅದು ಮತ್ತೆ ಎದ್ದು ಬರುತ್ತದೆ. ಹಾಗಾಗಿ ಸರ್ಯಾನರ ಬೆಟ್ಟಗಳ ಆ ಸ್ಪಷ್ಟತೆಗೆ ಹವಾಮಾನ ಒಂದೇ ಕಾರಣವಾಗಲಾರದು. ಬಯಸಿ ನೋಡಿದ, ನೆನಪಿನಲ್ಲಿ ತೊಳೆದ ಬೆಟ್ಟಗಳು ಅವು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಅವರ ದೊಡ್ಡ ಚಿತ್ರಗಳು ಒಂದೇ ಜಾಗದ್ದಲ್ಲ. ಒಂದು ಕಡೆಯ ಕಮರಿ, ಇನ್ನೊಂದು ಕಡೆಯ ಹಳ್ಳಿ, ಬೇರೆಲ್ಲೋ ಕಂಡ ಶಿಖರ ಸೇರಿ ಒಂದು ಚಿತ್ರವಾಗಿವೆ. ಅರ್ಮೇನಿಯಾದ ಭೂಪಟ ಹಿಡಿದು ಹುಡುಕಿದರೆ ಸಿಗದ ಜಾಗ, ಆದರೆ ಅರ್ಮೇನಿಯಾದವರೆಲ್ಲ ಇದು ನಮ್ಮೂರ ಕಡೆಯದ್ದು ಎನ್ನುವ ಜಾಗ. ಅವರ ಹಸ್ತಪ್ರತಿಗಳ ಮಧ್ಯಯುಗದ ಚಿತ್ರಕಾರರು ಮಾಡುತ್ತಿದ್ದದ್ದೂ ಇದನ್ನೇ. ಒಂದು ಪುಟದಲ್ಲಿ ಕಥೆಯ ಹಲವು ಗಳಿಗೆಗಳನ್ನು, ಹಲವು ದಿಕ್ಕಿನಿಂದ ಕಂಡದ್ದನ್ನು ಅಪ್ಪಟ ಕೆಂಪು, ನೀಲಿ, ಚಿನ್ನದಲ್ಲಿ ಒಟ್ಟಿಗೆ ಕೂರಿಸುವುದು. ಪ್ಯಾರಿಸ್ಸಿನ ನವ್ಯರು ಯುರೋಪಿನ ಹಳೆಯ ಸೂತ್ರಗಳನ್ನು ಮುರಿದಾಗ ತೆರೆದ ಬಾಗಿಲಿನಿಂದ ಸರ್ಯಾನ್ ನಡೆದುಹೋಗಿ ಸೇರಿದ್ದು ತಮ್ಮದೇ ಪುರಾತನ ಮನೆಯನ್ನು. ನವ್ಯತೆ ಬೇರನ್ನು ಕಡಿಯುತ್ತದೆ ಎನ್ನುವವರು ಈ ಚಿತ್ರಗಳನ್ನು ಒಮ್ಮೆ ನೋಡಬೇಕು.

ಹೀಗೆ ಗಳಿಗೆಯನ್ನೂ ನಿಂತ ಜಾಗವನ್ನೂ ಕಳಚಿದ ಮೇಲೆ ಉಳಿದ ನೆಲ ಹೊತ್ತೊಯ್ಯಬಹುದಾದ ನೆಲವಾಯಿತು. ಬೈರೂತಿನಲ್ಲೋ ಮಾರ್ಸೆಯಲ್ಲೋ ಬಾಸ್ಟನ್ನಿನಲ್ಲೋ ಹುಟ್ಟಿ, ಅಜ್ಜನ ಊರು ಎಲ್ಲಿತ್ತೆಂದು ಸರಿಯಾಗಿ ಗೊತ್ತಿಲ್ಲದ ಅರ್ಮೇನಿಯನ್ನಿಗೆ ಬಾಷಿಂಜಾಘ್ಯಾನರ ಚಿತ್ರ ಬೇರೆ ಯಾರೋ ನಿಂತು ನೋಡಿದ ನೋಟ. ಸರ್ಯಾನರ ಚಿತ್ರದಲ್ಲಿ ಯಾರೂ ನಿಂತಿಲ್ಲ. ಆ ಖಾಲಿ ಜಾಗದಲ್ಲಿ ಯಾರು ಬೇಕಾದರೂ ನಿಲ್ಲಬಹುದು.

ಈಗ, ಹಿಂದೆ ಬಿಟ್ಟ ಮಾತಿಗೆ. ನರಮೇಧವನ್ನು ಕಣ್ಣಾರೆ ಕಂಡವರ ಚಿತ್ರಗಳಲ್ಲಿ ರಕ್ತವಿಲ್ಲ, ಪಾಳುಬಿದ್ದ ಊರಿಲ್ಲ, ಅಳುವ ತಾಯಿಯಿಲ್ಲ. ಎತ್ತುಗಳು ಉಳುತ್ತಿವೆ, ಹೆಂಗಸರು ಕುಣಿಯುತ್ತಿದ್ದಾರೆ, ಸೂರ್ಯ ನೆತ್ತಿಯ ಮೇಲಿದ್ದಾನೆ. ಇದು ಕಣ್ಣುಮುಚ್ಚಿಕೊಂಡದ್ದಲ್ಲವೇ ಎಂದು ಕೇಳಬಹುದು, ಕೇಳಿದವರೂ ಇದ್ದಾರೆ. ನಾನು ಬೇರೆ ಥರ ಓದುತ್ತೇನೆ. ಅಳಿಸಿಹಾಕಲು ಹೊರಟವರ ಎದುರು ನಾವು ಸತ್ತೆವು ಎನ್ನುವುದು ಒಂದು ಸಾಕ್ಷ್ಯ, ಇಗೋ ಇಲ್ಲಿದ್ದೇವೆ ಎನ್ನುವುದು ಇನ್ನೊಂದು. 1923ರಲ್ಲಿ ಅನಾಥ ಮಕ್ಕಳಿಂದ ತುಂಬಿದ್ದ ಊರಿನಲ್ಲಿ ಕೂತು ಅಂಥ ಕಿತ್ತಳೆ ಬಣ್ಣವನ್ನು ಕಲಸುವುದಕ್ಕೆ ಎಂಥ ಮನೋಬಲ ಬೇಕೆಂದು ಯೋಚಿಸಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

1924ರಲ್ಲಿ ಅವರ ಚಿತ್ರಗಳು ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದ ಸೋವಿಯತ್ ಮಂಟಪದಲ್ಲಿ ತೂಗಿದವು. 1926ರಲ್ಲಿ ಪ್ಯಾರಿಸ್ಸಿಗೆ ಹೋಗಿ ಎರಡು ವರ್ಷ ಇದ್ದರು. ಅಲ್ಲಿ ಕೂತು ಅವರು ಬಿಡಿಸಿದ್ದು ಸೇನ್ ನದಿಯನ್ನೋ ಐಫೆಲ್ ಗೋಪುರವನ್ನೋ ಅಲ್ಲ, ಬಹುಮಟ್ಟಿಗೆ ನೆನಪಿನ ಅರ್ಮೇನಿಯಾವನ್ನು. 1928ರ ಜನವರಿಯಲ್ಲಿ ಪ್ರದರ್ಶನ ನಡೆಯಿತು, ಮೆಚ್ಚುಗೆ ಬಂತು. ಮರಳುವಾಗ ಚಿತ್ರಗಳನ್ನು ‘ಫ್ರಿಜಿ’ ಎಂಬ ಫ್ರೆಂಚ್ ಹಡಗಿಗೆ ಹಾಕಿದರು. ದಾರಿಯಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹಡಗಿಗೆ ಬೆಂಕಿ ಬಿದ್ದು ಪ್ಯಾರಿಸ್ಸಿನ ಕೆಲಸದ ಬಹುಪಾಲು ಸುಟ್ಟುಹೋಯಿತು. ಆಗ ಅವರಿಗೆ ನಲವತ್ತೆಂಟು ವರ್ಷ. ಯೆರೆವಾನ್‌ಗೆ ಬಂದು, ಅಂಗಳದಲ್ಲಿ ಚಿಗುರುತ್ತಿದ್ದ ಮರಗಳಿಂದ ಮತ್ತೆ ಶುರುಮಾಡಿದರು.

ಮುಂದಿನ ದಶಕದಲ್ಲಿ ಸ್ಟಾಲಿನ್ ಆಡಳಿತ ಬಿಗಿಯಾಯಿತು. ಕಲೆಗೆ ಬಂದ ಆದೇಶ: ರೂಪ ರಾಷ್ಟ್ರೀಯವಾಗಿರಲಿ, ಒಳಗಿನ ಹುರುಳು ಸಮಾಜವಾದಿಯಾಗಿರಲಿ. ಚಪ್ಪಟೆ ಬಣ್ಣ, ನೀಲಿ ನೆರಳು ಎಂದರೆ ‘ಫಾರ್ಮಲಿಸಂ’ ಎಂಬ ಅಪವಾದ, ಅಂದರೆ ಜನರನ್ನು ಮರೆತು ರೂಪದ ಹಿಂದೆ ಬಿದ್ದ ಅಪರಾಧ. 1923ರಲ್ಲಿ ಸರ್ಯಾನ್ ಕವಿ ಯೆಘಿಷೆ ಚರೆಂತ್ಸ್ ಅವರ ಭಾವಚಿತ್ರ ಬಿಡಿಸಿದ್ದರು. 1937ರಲ್ಲಿ ಚರೆಂತ್ಸ್ ಸೆರೆಯಲ್ಲಿ ಸತ್ತರು. ಜನದ್ರೋಹಿಗಳೆಂಬ ಹಣೆಪಟ್ಟಿ ಹೊತ್ತವರ ಭಾವಚಿತ್ರಗಳು ಹಲವನ್ನು, ಸರ್ಯಾನರ ಕೈಯವನ್ನೇ, ಸುಟ್ಟುಹಾಕಲಾಯಿತು. ಚರೆಂತ್ಸ್ ಚಿತ್ರ ಉಳಿದುಕೊಂಡಿತು. ಇಂಥ ಕಾಲದಲ್ಲಿ ಬೆಟ್ಟ ಒಂದು ಆಸರೆ. ಬೆಟ್ಟಕ್ಕೆ ಪಕ್ಷವಿಲ್ಲ. ಅದನ್ನು ಬಿಡಿಸಿದರೆ ರಾಷ್ಟ್ರೀಯ ರೂಪ ಎಂಬ ಬೇಡಿಕೆ ಪೂರೈಸಿದಂತಾಯಿತು, ನೋಡುವವನ ಎದೆಯಲ್ಲಿ ಅದು ಬೇರೇನನ್ನು ಮಿಡಿದರೂ ಯಾರೂ ಕೇಸು ಹಾಕುವಂತಿಲ್ಲ.

ಆಡಳಿತಕ್ಕೂ ಅವರು ಬೇಕಾಗಿದ್ದರು ಎಂಬುದನ್ನು ಮುಚ್ಚಿಡಬಾರದು. 1941ರಲ್ಲಿ ಒಪೆರಾ ಒಂದರ ರಂಗಸಜ್ಜಿಕೆಗೆ ಸ್ಟಾಲಿನ್ ಬಹುಮಾನ, 1961ರಲ್ಲಿ ‘ನನ್ನ ತಾಯ್ನಾಡು’ ಚಿತ್ರಮಾಲಿಕೆಗೆ ಲೆನಿನ್ ಬಹುಮಾನ ಬಂತು. ನಡುವಿನ ವರ್ಷಗಳ ಕೆಲವು ಚಿತ್ರಗಳಲ್ಲಿ ಸಾಮೂಹಿಕ ಬೇಸಾಯದ ಹೊಲಗಳು ಬಂದವು, ಬಣ್ಣ ತಗ್ಗಿತು, ವಿವರ ಹೆಚ್ಚಿತು. ಅವು ಕೆಟ್ಟ ಚಿತ್ರಗಳಲ್ಲ. ಆದರೆ 1923ರ ಉಸಿರು ಅವುಗಳಲ್ಲಿ ಸಿಗುವುದಿಲ್ಲ. ಇನ್ನೊಂದು ಕೊರತೆಯನ್ನೂ ಹೇಳಬೇಕು. ಕಾಲವನ್ನು ಕಳಚಿದ ನೆಲ ಇತಿಹಾಸವನ್ನೂ ಒಂದಿಷ್ಟು ಕಳಚುತ್ತದೆ. ಆ ನಾಡಿನಲ್ಲಿ ಅರ್ಮೇನಿಯನ್ನರ ಜೊತೆ ಮುಸ್ಲಿಮರೂ ಕುರ್ದರೂ ಯಜೀದಿಗಳೂ ಬಾಳಿದ್ದರು, ಯೆರೆವಾನ್ ಶತಮಾನಗಳ ಕಾಲ ಪರ್ಷಿಯನ್ ಕೋಟೆಯ ಊರಾಗಿತ್ತು. ನೆಲವೇ ಗುರುತಾದಾಗ ಆ ನೆಲದ ಮೇಲಿನ ಬೇರೆಯವರ ಹೆಜ್ಜೆ ಚಿತ್ರದ ಹೊರಗೆ ಉಳಿಯುವ ಅಪಾಯವಿದೆ. ಕೈರೋದ ಬೀದಿಯನ್ನೂ ಪರ್ಷಿಯಾದ ಅಂಗಳವನ್ನೂ ಅಷ್ಟು ಪ್ರೀತಿಯಿಂದ ಬಿಡಿಸಿದ ಸರ್ಯಾನರಿಗಿಂತ, ಅವರ ಬೆಟ್ಟಗಳನ್ನು ಆಮೇಲೆ ಎತ್ತಿಕೊಂಡವರು ಇದನ್ನು ನೆನಪಿಡಬೇಕಿತ್ತು.

ಎರಡನೆಯ ಮಹಾಯುದ್ಧ ಮುಗಿದ ವರ್ಷ, 1945ರಲ್ಲಿ, ಅವರು ದೊಡ್ಡದೊಂದು ಕ್ಯಾನ್ವಾಸಿನ ತುಂಬ ಹೂವುಗಳನ್ನು ಬಿಡಿಸಿದರು. ಅದು ಯುದ್ಧಕ್ಕೆ ಹೋದ ಅರ್ಮೇನಿಯನ್ ಯೋಧರಿಗೆ ಅರ್ಪಣೆ. ಸ್ಮಾರಕವೆಂದರೆ ಕತ್ತಿ, ಕಂಚು, ಕಲ್ಲು ಎಂದುಕೊಂಡಿದ್ದ ಕಾಲದಲ್ಲಿ ಅವರು ಇಟ್ಟದ್ದು ಹೊಲದ, ಬೆಟ್ಟದ, ಹಿತ್ತಲಿನ ಹೂವುಗಳನ್ನು, ಒಂದೊಂದೂ ಬೇರೆ ಬೇರೆ ಬಣ್ಣದಲ್ಲಿ. 1915ರ ನಂತರವೂ ಅವರು ಹಿಡಿದದ್ದು ಇದೇ ದಾರಿಯನ್ನು. ಸತ್ತವರ ಬಗ್ಗೆ ಬಹಿರಂಗವಾಗಿ ಬಾಯಿಬಿಡಲು ಸೋವಿಯತ್ ಅರ್ಮೇನಿಯಾದಲ್ಲಿ 1965ರವರೆಗೆ ಅವಕಾಶವೇ ಇರಲಿಲ್ಲ. ಆ ವರ್ಷದ ಏಪ್ರಿಲ್ 24ರಂದು, ನರಮೇಧದ ಐವತ್ತನೆಯ ವರ್ಷದಲ್ಲಿ, ಯೆರೆವಾನ್‌ನ ಬೀದಿಗಳಿಗೆ ಜನಸಾಗರ ಇಳಿಯಿತು. ಎರಡು ವರ್ಷದ ನಂತರ ಗುಡ್ಡದ ಮೇಲೆ ಸ್ಮಾರಕ ಎದ್ದಿತು. ಅದೇ 1967ರಲ್ಲಿ ಸರ್ಯಾನರ ಮನೆಗೆ ಸೇರಿದಂತೆ ಅವರ ವಸ್ತುಸಂಗ್ರಹಾಲಯ ತೆರೆಯಿತು. ಅಷ್ಟು ವರ್ಷ ಬಾಯಿ ಹೇಳದ್ದನ್ನು ಮನೆಮನೆಯ ಗೋಡೆಯ ಮೇಲಿನ ಅರಾರಾತ್ ಚಿತ್ರಗಳು ಹೇಳುತ್ತಿದ್ದವು.

ಕೊನೆಯ ವರ್ಷಗಳಲ್ಲಿ ಅವರ ಕೈ ಮತ್ತೆ ಸಡಿಲವಾಯಿತು. ತೊಂಬತ್ತರ ಹೊಸ್ತಿಲಲ್ಲಿ ಬಿಡಿಸಿದ ಬೆಟ್ಟಗಳಲ್ಲಿ ಕೆಲವೇ ಗೆರೆ, ಕೆಲವೇ ಬಣ್ಣ. 1972ರ ಮೇ 5ರಂದು ಯೆರೆವಾನ್‌ನಲ್ಲಿ ತೀರಿಕೊಂಡರು. ಸ್ವತಂತ್ರ ಅರ್ಮೇನಿಯಾ ತನ್ನ 20,000 ದ್ರಾಮ್ ನೋಟಿನ ಮೇಲೆ ಅವರ ಮುಖವನ್ನು ಅಚ್ಚು ಹಾಕಿತು. 2018ರ ಹೊಸ ನೋಟಿನಲ್ಲಿ ಆ ಜಾಗಕ್ಕೆ ಐವಾಜೋವ್‌ಸ್ಕಿ ಬಂದರು.

ಯೆರೆವಾನ್‌ನ ಒಪೆರಾ ಭವನದ ಹತ್ತಿರದ ಪುಟ್ಟ ಉದ್ಯಾನದಲ್ಲಿ 1986ರಲ್ಲಿ ನಿಲ್ಲಿಸಿದ ಅವರ ಬಿಳಿಕಲ್ಲಿನ ಪ್ರತಿಮೆಯಿದೆ. ವಾರದ ಕೊನೆಗೆ ಅದರ ಸುತ್ತ ಊರಿನ ಚಿತ್ರಕಾರರು ತಮ್ಮ ಕೆಲಸ ತಂದು ಮಾರಲು ಇಡುತ್ತಾರೆ. ದಾಳಿಂಬೆ, ಹಳೆಯ ಚರ್ಚು, ಹಳ್ಳಿಯ ಓಣಿ, ಎಲ್ಲಕ್ಕಿಂತ ಹೆಚ್ಚಾಗಿ ಆ ಎರಡು ಶಿಖರಗಳು. ಎಷ್ಟೋ ಚಿತ್ರಗಳಲ್ಲಿ ನೆರಳು ನೀಲಿ, ಮಣ್ಣು ಕಿತ್ತಳೆ. ಕೊಳ್ಳುವವರಲ್ಲಿ ಹೊರದೇಶಗಳಿಂದ ಬಂದ ಅರ್ಮೇನಿಯನ್ನರೂ ಇರುತ್ತಾರೆ. ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಡಿಸಿ, ಸುರುಳಿ ಸುತ್ತಿ, ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟುಕೊಂಡು ವಿಮಾನ ಹತ್ತುತ್ತಾರೆ.